ಹನ್ನೊಂದು ಜನರ ಪಟ್ಟಿ ಬರೆಯುವ ಮುಂಚೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಸಲಿಂಗಿ ಆಟಗಾರರು, ಧರ್ಮದ ನಂಬಿಕೆ, ತಂಡದ ಆಯ್ಕೆ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಒಟ್ಟಿಗೆ ಉತ್ತರ ಕೊಟ್ಟರೆ ಒಳ್ಳೆಯದು ಅನ್ನಿಸಿತು. ಹೆಸರು, ಕ್ಲಬ್ಬಿನ ಗುರುತು ಎಲ್ಲ ತೆಗೆದಿದ್ದೇನೆ. ಉಳಿದವರಿಗೆ ಮುಂದಿನ ತಿಂಗಳು ಖಂಡಿತ ಬರೆಯುತ್ತೇನೆ.

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಒಂದು ಕ್ರಿಕೆಟ್ ಕ್ಲಬ್ ನಡೆಸುತ್ತೇನೆ. ರಾಯಚೂರು ವಲಯದ ಲೀಗ್ ಆಡುತ್ತೇವೆ. ಸ್ಪಾನ್ಸರ್ ಇದ್ದಾರೆ, ಹುಡುಗರಿಗೆ ಪಂದ್ಯಕ್ಕೆ ಇಷ್ಟು ಅಂತ ದುಡ್ಡೂ ಕೊಡುತ್ತೇವೆ. ನನ್ನ ಫಾಸ್ಟ್ ಬೌಲರ್ ಈ ಸೀಸನ್ ಆರು ಪಂದ್ಯದಲ್ಲಿ 19 ವಿಕೆಟ್ ತೆಗೆದಿದ್ದಾನೆ. ವಯಸ್ಸು 23. ಹೋದ ವಾರ ಅವನು ಬ್ಯಾಗಿನಲ್ಲಿ ಫೋನ್ ಇಟ್ಟು ನೆಟ್ಸ್‌ಗೆ ಹೋದಾಗ ಯಾರೋ ಅವನ ಫೋನ್ ತೆಗೆದು ನೋಡಿದ್ದಾರೆ, ಅವನು ಇನ್ನೊಬ್ಬ ಹುಡುಗನಿಗೆ ಬರೆದ ಮೆಸೇಜುಗಳನ್ನು ಎಲ್ಲರಿಗೂ ತೋರಿಸಿದ್ದಾರೆ. ಈಗ ನನ್ನ ಓಪನರ್ ಬಂದು, 'ಇದು ನಮ್ಮ ಧರ್ಮದಲ್ಲಿ ದೊಡ್ಡ ಪಾಪ, ಅವನ ಜೊತೆ ನಾನು ಡ್ರೆಸ್ಸಿಂಗ್ ರೂಮಿನಲ್ಲಿ ಕೂರಲ್ಲ, ಲಾಡ್ಜ್ ರೂಮಿನಲ್ಲೂ ಇರಲ್ಲ, ರಾಯಚೂರಿಗೆ ಹೋದಾಗ ಅವನು ಬರಬಾರದು' ಅಂತ ಹೇಳುತ್ತಿದ್ದಾನೆ. ಓಪನರ್ ಕೆಟ್ಟವನಲ್ಲ, ದೇವರಿಗೆ ಹೆದರಿ ನಡೆಯುವ ಹುಡುಗ. ಇನ್ನೂ ಮೂರು ಜನ ಅವನ ಕಡೆ ಇದ್ದಾರೆ. ಟೀಮ್ ಒಡೆಯಬಾರದು ಅಂತ ಈ ಒಂದು ಪಂದ್ಯಕ್ಕೆ ಬೌಲರ್‌ಗೆ ರೆಸ್ಟ್ ಕೊಡಲಾ?
– ಹೆಸರು ಬೇಡ, ಕಲಬುರಗಿ

ಉತ್ತರ: ಬೇಡ ಸರ್. ರೆಸ್ಟ್ ಕೊಡಬೇಡಿ.

ಯಾಕೆ ಅಂತ ಹೇಳುವ ಮುಂಚೆ ನಿಮ್ಮ ಪತ್ರದ ಒಂದು ಸಾಲಿಗೆ ವಾಪಸ್ ಬರುತ್ತೇನೆ. 'ಯಾರೋ ಅವನ ಫೋನ್ ತೆಗೆದು ನೋಡಿದ್ದಾರೆ' ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಯಾರೋ ಯಾರು? ನಿಮ್ಮ ಟೀಮಿನಲ್ಲಿ ತಪ್ಪು ನಡೆದಿರುವುದು ಅಲ್ಲಿ. ಬೌಲರ್ ಯಾರಿಗೂ ಏನೂ ಹೇಳಿಕೊಂಡಿರಲಿಲ್ಲ, ಯಾರ ತಂಟೆಗೂ ಹೋಗಿರಲಿಲ್ಲ. ಬ್ಯಾಗಿನಲ್ಲಿ ಫೋನ್ ಇಟ್ಟು ಬೌಲಿಂಗ್ ಮಾಡಲು ಹೋಗಿದ್ದ. ನಂಬಿ ಇಟ್ಟ ಬ್ಯಾಗಿಗೆ ಕೈ ಹಾಕಿದವನು ನಿಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಆರಾಮಾಗಿ ಕೂತಿದ್ದಾನೆ. ಮೊದಲು ಅವನನ್ನು ಕರೆಸಿ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಬ್ಬ ಮನುಷ್ಯ ಯಾರನ್ನು ಇಷ್ಟಪಡುತ್ತಾನೆ ಅನ್ನುವುದೂ ಆ ಖಾಸಗಿತನದಲ್ಲೇ ಬರುತ್ತದೆ ಅಂತ ಆ ತೀರ್ಪಿನಲ್ಲಿ ಇದೆ. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರಿಬ್ಬರು ಒಪ್ಪಿ ಇರುವ ಸಂಬಂಧ ಅಪರಾಧ ಅಲ್ಲ ಅಂತ ಅದೇ ಕೋರ್ಟು ಆಗಿನ ದಂಡ ಸಂಹಿತೆಯ 377ನೇ ಸೆಕ್ಷನ್ ಬಗ್ಗೆ ಹೇಳಿತು. ಅಂದರೆ ನಿಮ್ಮ ಬೌಲರ್ ಕಾನೂನಿನ ಪ್ರಕಾರ ಯಾವ ತಪ್ಪೂ ಮಾಡಿಲ್ಲ.

ಇನ್ನು ಓಪನರ್ ವಿಷಯ. ಅವನ ನಂಬಿಕೆಯನ್ನು ಸುಳ್ಳು ಅಂತ ವಾದ ಮಾಡಲು ಹೋಗಬೇಡಿ. ಅದು ಕೋಚ್ ಕೆಲಸ ಅಲ್ಲ. ಪಾಪ ಅಂತ ಅವನು ನಂಬಿದರೆ ನಂಬಲಿ, ಸಂವಿಧಾನದ 25ನೇ ವಿಧಿ ಅವನಿಗೆ ಆ ಸ್ವಾತಂತ್ರ್ಯ ಕೊಟ್ಟಿದೆ. ಆದರೆ ಅವನು ಹೇಳಿದ್ದನ್ನು ಸ್ವಲ್ಪ ಬಿಡಿಸಿ ನೋಡಿ. 'ನಾನು ಕೂರಲ್ಲ' ಅನ್ನುವುದು ಒಂದು ಮಾತು. 'ಅವನು ಬರಬಾರದು' ಅನ್ನುವುದು ಬೇರೆಯೇ ಮಾತು. ಮೊದಲನೆಯದರ ಭಾರ ಅವನ ಹೆಗಲ ಮೇಲೆ ಇರುತ್ತದೆ. ಎರಡನೆಯದರ ಭಾರವನ್ನು ಅವನು ಇನ್ನೊಬ್ಬನ ಹೆಗಲಿಗೆ ಹಾಕುತ್ತಿದ್ದಾನೆ.

ನ್ಯೂಜಿಲೆಂಡ್ ರಗ್ಬಿ ತಂಡದಲ್ಲಿ ಮೈಕಲ್ ಜೋನ್ಸ್ ಅಂತ ಒಬ್ಬ ಆಟಗಾರ ಇದ್ದರು. ಫ್ಲ್ಯಾಂಕರ್ ಅನ್ನುವ ಜಾಗದಲ್ಲಿ ಆಡುವ ಅವರ ಕಾಲದ ಅತಿ ಒಳ್ಳೆಯವರಲ್ಲಿ ಒಬ್ಬರು. ಕಟ್ಟಾ ಕ್ರೈಸ್ತರು, ಭಾನುವಾರ ದೇವರ ದಿನ, ಆ ದಿನ ಆಡುವುದಿಲ್ಲ ಅಂತ ಗಟ್ಟಿಯಾಗಿ ನಿಂತವರು. 1991ರ ವಿಶ್ವಕಪ್‌ನಲ್ಲಿ ಭಾನುವಾರದ ಸೆಮಿಫೈನಲ್ ಆಡಲಿಲ್ಲ, ತಂಡ ಸೋತಿತು. 1995ರಲ್ಲಿ ಮುಖ್ಯವಾದ ಪಂದ್ಯಗಳು ಭಾನುವಾರ ಬರುತ್ತವೆ ಅಂತ ಆಯ್ಕೆಗಾರರು ಅವರನ್ನು ವಿಶ್ವಕಪ್ ತಂಡಕ್ಕೇ ತೆಗೆದುಕೊಳ್ಳಲಿಲ್ಲ. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ಅವರ ನಂಬಿಕೆಗೆ ಯಾರೂ ಶಿಕ್ಷೆ ಕೊಡಲಿಲ್ಲ. ಬೇಕಾದ ದಿನ ಆಟಗಾರ ಸಿಗುವುದಿಲ್ಲ, ಅಷ್ಟೇ ಕಾರಣ. ಅದು ಅವರಿಗೂ ಗೊತ್ತಿತ್ತು. ಆದರೆ ಒಂದು ನೆನಪಿಡಿ, ಭಾನುವಾರ ಆಡುವ ಉಳಿದ ಹದಿನಾಲ್ಕು ಜನರನ್ನು ತೆಗೆಯಿರಿ ಅಂತ ಮೈಕಲ್ ಜೋನ್ಸ್ ಯಾವತ್ತೂ ಕೇಳಲಿಲ್ಲ. ನಿಮ್ಮ ಓಪನರ್‌ಗೆ ಇದನ್ನೇ ಹೇಳಿ. 'ನಿನಗೆ ಮನಸ್ಸು ಒಪ್ಪದಿದ್ದರೆ ನೀನು ಈ ಪಂದ್ಯ ಬಿಡಬಹುದು, ನಿನ್ನ ಮೇಲೆ ಸಿಟ್ಟು ಮಾಡಲ್ಲ, ಆದರೆ ನಿನ್ನ ಜಾಗಕ್ಕೆ ಇನ್ನೊಬ್ಬ ಆಡುತ್ತಾನೆ. ಅವನ ಜಾಗದ ಬಗ್ಗೆ ನೀನು ಮಾತಾಡುವ ಹಾಗಿಲ್ಲ.'

ಲಾಡ್ಜ್ ರೂಮಿನ ವಿಷಯ ಸುಮ್ನೆ ದೊಡ್ಡದು ಮಾಡಬೇಡಿ. ಯಾರು ಯಾರ ಜೊತೆ ಅನ್ನುವ ಪಟ್ಟಿಯನ್ನು ನೀವೇ ಬರೆಯಿರಿ. ಓಪನರ್‌ಗೆ ಬೇರೆ ಜೊತೆಗಾರನನ್ನು ಕೊಡಿ, ಅದರಲ್ಲಿ ಯಾರಿಗೂ ನಷ್ಟ ಇಲ್ಲ. ಆದರೆ ಬೌಲರ್‌ನನ್ನು ಒಬ್ಬನೇ ಒಂದು ಮೂಲೆ ರೂಮಿಗೆ ಹಾಕಬೇಡಿ. ಅದು ಸೌಕರ್ಯದ ಹಾಗೆ ಕಾಣುತ್ತದೆ, ಆದರೆ ಊರಾಚೆ ಇಟ್ಟ ಹಾಗೆ ಆಗುತ್ತದೆ. ಅವನ ಜೊತೆ ಇರಲು ಖುಷಿಯಾಗಿ ಒಪ್ಪುವ ಒಬ್ಬನಾದರೂ ನಿಮ್ಮ ಟೀಮಿನಲ್ಲಿ ಇರುತ್ತಾನೆ, ಸಾಮಾನ್ಯವಾಗಿ ಅವನ ಚೆಂಡಿಗೆ ಕೀಪಿಂಗ್ ಮಾಡುವವನು. ಕೇಳಿ ನೋಡಿ. ಊಟ, ಬಸ್ಸು, ಡ್ರೆಸ್ಸಿಂಗ್ ರೂಮು ಮಾತ್ರ ಎಲ್ಲರಿಗೂ ಒಂದೇ. ಅದರಲ್ಲಿ ರಾಜಿ ಇಲ್ಲ.

ಬೌಲರ್ ಮನೆಯವರಿಗೆ ಫೋನ್ ಮಾಡಿ ಹೇಳಬೇಡಿ. ಒಳ್ಳೆಯ ಉದ್ದೇಶದಿಂದಲೂ ಬೇಡ. ಅವನನ್ನು ಕರೆದು, 'ರಾಯಚೂರಿನಲ್ಲಿ ಹೊಸ ಚೆಂಡು ನಿನ್ನದೇ' ಅನ್ನಿ. ಸದ್ಯಕ್ಕೆ ಅವನಿಗೆ ಬೇಕಾದ ಮಾತು ಅದು.

ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳಲು ಒಂದು ಕಾರಣ ಇದೆ. 1998ರಲ್ಲಿ ನಾನು ಪಿ.ಟಿ. ಮಾಸ್ತರ್ ಆಗಿದ್ದಾಗ ತಾಲ್ಲೂಕು ಕಬಡ್ಡಿ ತಂಡ ಆರಿಸಲು ಕೂತಿದ್ದೆ. ಒಬ್ಬ ಹುಡುಗ ಇದ್ದ, ಎಡಗಡೆಯಿಂದ ರೈಡ್ ಹೋದರೆ ಬರಿಗೈಯಲ್ಲಿ ಬಂದದ್ದೇ ಕಡಿಮೆ. ಅವನ ನಡಿಗೆ, ಮಾತು ಮೆತ್ತಗಿತ್ತು. ಹುಡುಗರು ಅವನಿಗೆ ಹೆಣ್ಣಿನ ಹೆಸರು ಇಟ್ಟು ಕೂಗುತ್ತಿದ್ದರು. ಆಯ್ಕೆ ದಿನ ಇಬ್ಬರು ತಂದೆಯಂದಿರು ಬಂದು, 'ಅವನು ಇದ್ದರೆ ನಮ್ಮ ಹುಡುಗರನ್ನು ಕಳಿಸಲ್ಲ ಮಾಸ್ತರ್' ಅಂದರು. ನಾನು ಅವನ ಹೆಸರಿನ ಮುಂದೆ 'ತೂಕ ಜಾಸ್ತಿ' ಅಂತ ಬರೆದು ಹೊಡೆದು ಹಾಕಿದೆ. ತೂಕ ಸರಿಯಾಗಿಯೇ ಇತ್ತು. ತಕ್ಕಡಿ ಮೇಲೆ ನಿಲ್ಲಿಸಿದವನು ನಾನೇ. ಅವನು ಪಟ್ಟಿ ನೋಡಿದ, ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಮತ್ತೆ ಮೈದಾನಕ್ಕೆ ಬರಲಿಲ್ಲ. ಪುಣೆಗೆ ದುಡಿಯಲು ಹೋದ ಅಂತ ಆಮೇಲೆ ಕೇಳಿದೆ. ಒಬ್ಬ ರೈಡರ್‌ನ ಆಟವನ್ನು ನಾನು ಒಂದು ಸುಳ್ಳು ಪದದಿಂದ ನಿಲ್ಲಿಸಿದೆ. ನೀವು ಬರೆಯಲು ಹೊರಟಿರುವ 'ರೆಸ್ಟ್' ಅನ್ನುವುದೂ ಅಂಥದ್ದೇ ಪದ.

ಅದಕ್ಕೇ ಇನ್ನೊಂದು ಕೆಲಸ ಮಾಡಿ. ಪ್ರತಿ ಆಯ್ಕೆಗೂ ಕಾರಣವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾರನ್ನು ತೆಗೆದುಕೊಂಡೆ, ಯಾರನ್ನು ಬಿಟ್ಟೆ, ಯಾಕೆ. ಆಟಗಾರನಿಗೆ ಮುಖ ಕೊಟ್ಟು ಓದಿ ಹೇಳಲು ಆಗದ ಕಾರಣವನ್ನು ಬರೆಯಬೇಡಿ.

ಪ್ರಶ್ನೆ: ನಾನು ಬೀದರ್ ಜಿಲ್ಲೆಯವನು, ವಯಸ್ಸು 26. ಹೈದರಾಬಾದಿನ ಒಂದು ಕಂಪನಿ ಟೀಮಿಗೆ ಒಪ್ಪಂದದ ಮೇಲೆ ವಾಲಿಬಾಲ್ ಆಡುತ್ತೇನೆ. ಜೂನ್ ತಿಂಗಳ ಒಂದು ಪಂದ್ಯಕ್ಕೆ ಎಲ್ಲರೂ ಕಾಮನಬಿಲ್ಲಿನ ಬಣ್ಣದ ಪಟ್ಟಿ ಇರುವ ಜೆರ್ಸಿ ಹಾಕಬೇಕು, ಸಲಿಂಗಿಗಳಿಗೆ ಬೆಂಬಲ ಅಂತ ಮ್ಯಾನೇಜರ್ ಹೇಳಿದ್ದಾರೆ. ನಾನು ಯಾರನ್ನೂ ದ್ವೇಷ ಮಾಡುವವನಲ್ಲ. ಆದರೆ ನನ್ನ ನಂಬಿಕೆಗೆ ಇದು ಒಪ್ಪುವುದಿಲ್ಲ. ಹಾಕಲ್ಲ ಅಂದರೆ ಟೀಮಿನಿಂದ ತೆಗೆಯುತ್ತಾರಾ? ನಾನು ಹೇಳುವುದು ತಪ್ಪಾ?
– ಬೀದರ್ ಓದುಗ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಯಾರ ಬಗ್ಗೆಯೂ ಒಂದು ಕೆಟ್ಟ ಪದ ಬರೆದಿಲ್ಲ ನೀವು. ಮೇಲಿನ ಪತ್ರದ ಓಪನರ್‌ಗೂ ನಿಮಗೂ ವ್ಯತ್ಯಾಸ ಇದೆ. ನೀವು 'ನಾನು ಹಾಕಲ್ಲ' ಅಂತ ಮಾತ್ರ ಹೇಳುತ್ತಿದ್ದೀರಿ. ನನ್ನ ಮಟ್ಟಿಗೆ ಅದಕ್ಕೆ ಜಾಗ ಇರಬೇಕು. ನಾನೇ ಮ್ಯಾನೇಜರ್ ಆಗಿದ್ದರೆ ನಿಮಗೆ ಮಾಮೂಲಿ ಜೆರ್ಸಿ ಕೊಟ್ಟು ಆಡಿಸುತ್ತಿದ್ದೆ. ಎದೆಯಲ್ಲಿ ಇಲ್ಲದ ಬೆಂಬಲವನ್ನು ತೋಳಿನ ಮೇಲೆ ಹೊಲಿಸಿದರೆ ಸಲಿಂಗಿ ಆಟಗಾರನಿಗೆ ಏನು ಲಾಭ?

ಆಟದಲ್ಲಿ ಇಂಥ ನಿರಾಕರಣೆ ಹೊಸದಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 100 ಮೀಟರ್ ಓಡಲಿಲ್ಲ, ಮೊದಲ ಸುತ್ತಿನ ಓಟ ಭಾನುವಾರ ಇತ್ತು. ಬದಲಿಗೆ 400 ಮೀಟರ್ ಓಡಿ ಚಿನ್ನ ಗೆದ್ದರು. ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಹಾಶಿಮ್ ಆಮ್ಲಾ ನಂಬಿಕೆಯ ಕಾರಣಕ್ಕೆ ತಂಡದ ಪ್ರಾಯೋಜಕರಾದ ಬಿಯರ್ ಕಂಪನಿಯ ಲೋಗೋ ಹಾಕಿಕೊಳ್ಳಲಿಲ್ಲ, ಮಂಡಳಿ ಒಪ್ಪಿತು, ಅವರು ಲೋಗೋ ಇಲ್ಲದ ಅಂಗಿಯಲ್ಲೇ ತ್ರಿಶತಕ ಹೊಡೆಯುವ ಮಟ್ಟಕ್ಕೆ ಬೆಳೆದರು.

ಈಗ ನಿಮ್ಮದೇ ವಿಷಯಕ್ಕೆ ಹತ್ತಿರದವು. 2023ರ ಜನವರಿಯಲ್ಲಿ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡದ ಇವಾನ್ ಪ್ರೊವೊರೊವ್, ತಾನು ರಷ್ಯನ್ ಆರ್ಥೊಡಾಕ್ಸ್ ಕ್ರೈಸ್ತ, ಕಾಮನಬಿಲ್ಲಿನ ಜೆರ್ಸಿ ಹಾಕಲ್ಲ ಅಂದರು. ಪಂದ್ಯಕ್ಕೆ ಮುಂಚಿನ ವಾರ್ಮಪ್‌ಗೆ ಬರಲಿಲ್ಲ, ಪಂದ್ಯ ಆಡಿದರು. ಕೋಚ್ ಅವರನ್ನು ಹೊರಗೆ ಕೂರಿಸಲಿಲ್ಲ. ಆಮೇಲೆ ಬೇರೆ ತಂಡಗಳಲ್ಲೂ ಕೆಲವರು ಹೀಗೇ ಹೇಳಿದರು. ಜೂನ್ ಹೊತ್ತಿಗೆ ಲೀಗ್, ವಾರ್ಮಪ್‌ಗೆ ವಿಶೇಷ ಜೆರ್ಸಿಗಳೇ ಬೇಡ ಅಂತ ತೀರ್ಮಾನ ಮಾಡಿತು. ಅಲ್ಲಿಗೆ ನಿಲ್ಲಲಿಲ್ಲ, ಕೋಲಿಗೆ ಕಾಮನಬಿಲ್ಲಿನ ಟೇಪ್ ಸುತ್ತುವುದನ್ನೂ ನಿಷೇಧ ಮಾಡಿತು. ಆಗ ಅರಿಜೋನಾ ತಂಡದ ಟ್ರಾವಿಸ್ ಡರ್ಮಾಟ್ ಅನ್ನುವ ಆಟಗಾರ ಟೇಪ್ ಸುತ್ತಿಕೊಂಡೇ ಮೈದಾನಕ್ಕೆ ಇಳಿದರು. ಕೆಲವೇ ದಿನಗಳಲ್ಲಿ ಲೀಗ್ ಆ ನಿಷೇಧ ವಾಪಸ್ ತೆಗೆದುಕೊಂಡಿತು. ನನಗೆ ಈ ಕೊನೆಯ ಭಾಗ ಬಹಳ ಇಷ್ಟ. ಹಾಕಲ್ಲ ಅನ್ನುವವನಿಗೆ ಮನಸ್ಸಾಕ್ಷಿ ಇರುವ ಹಾಗೆ ಹಾಕುತ್ತೇನೆ ಅನ್ನುವವನಿಗೂ ಇರುತ್ತದೆ ಅಲ್ವಾ? ನಿಮಗೆ ಬಿಡುವು ಕೊಟ್ಟರು ಅಂತ ಉಳಿದವರ ಜೆರ್ಸಿಯ ಮೇಲಿನ ಬಣ್ಣದ ಪಟ್ಟಿಯನ್ನು ಕಿತ್ತು ಹಾಕಬಾರದು.

ಆಸ್ಟ್ರೇಲಿಯಾದ ಮ್ಯಾನ್ಲಿ ರಗ್ಬಿ ಲೀಗ್ ಕ್ಲಬ್‌ನಲ್ಲಿ 2022ರ ಜುಲೈನಲ್ಲಿ ನಡೆದದ್ದು ನಿಮ್ಮ ಮ್ಯಾನೇಜರ್ ಓದಬೇಕು. ಕಾಮನಬಿಲ್ಲಿನ ಪಟ್ಟಿ ಇರುವ ಜೆರ್ಸಿ ಮಾಡಿಸುವಾಗ ಆಟಗಾರರನ್ನು ಒಂದು ಮಾತು ಕೇಳಲಿಲ್ಲ. ಏಳು ಜನ ಧರ್ಮದ ಕಾರಣ ಹೇಳಿ ಆಡಲ್ಲ ಅಂದರು. ತಂಡ ಸಿಡ್ನಿ ರೂಸ್ಟರ್ಸ್ ವಿರುದ್ಧ 20–10ರಲ್ಲಿ ಸೋತಿತು. ಕೋಚ್ ಡೆಸ್ ಹಾಸ್ಲರ್ ಸಾರ್ವಜನಿಕವಾಗಿ ಕ್ಷಮೆ ಕೇಳಿದರು, ಆಟಗಾರರ ಹತ್ತಿರವೂ, ಸಲಿಂಗಿ ಸಮುದಾಯದ ಹತ್ತಿರವೂ. ಇದರಲ್ಲಿ ಎಲ್ಲರಿಗಿಂತ ಜಾಸ್ತಿ ನೊಂದವರು ಯಾರು ಗೊತ್ತಾ? ಅದೇ ಕ್ಲಬ್ಬಿಗೆ ಆಡಿದ್ದ ಇಯಾನ್ ರಾಬರ್ಟ್ಸ್. 1995ರಲ್ಲಿ, ಆ ಆಟದಲ್ಲಿ ಯಾರೂ ಬಾಯಿ ಬಿಡದ ಕಾಲದಲ್ಲಿ, ತಾನು ಗೇ ಅಂತ ಹೇಳಿಕೊಂಡವರು. ತಾನು ಬೆವರು ಸುರಿಸಿದ ಕ್ಲಬ್ಬಿನ ಹುಡುಗರು ತನ್ನಂಥವರಿಗಾಗಿ ಒಂದು ಪಟ್ಟಿ ಹಾಕಿಕೊಳ್ಳಲೂ ಒಪ್ಪಲಿಲ್ಲ ಅಂದಾಗ ಹೇಗಾಗಿರಬೇಡ. ನೀವು 'ಹಾಕಲ್ಲ' ಅಂತ ಹೇಳುವ ಮುಂಚೆ ನಿಮ್ಮ ಟೀಮಿನಲ್ಲಿ ಅಂಥ ಒಬ್ಬ ಇದ್ದರೆ, ಇರಬಹುದು, ಅವನಿಗೆ ಅದು ಹೇಗೆ ಕೇಳಿಸುತ್ತದೆ ಅಂತ ಒಂದು ರಾತ್ರಿ ಯೋಚನೆ ಮಾಡಿ. ಆಮೇಲೂ ಮನಸ್ಸು ಒಪ್ಪದಿದ್ದರೆ ಮ್ಯಾನೇಜರ್ ಹತ್ತಿರ ಪಂದ್ಯಕ್ಕೆ ಎರಡು ವಾರ ಮುಂಚೆ, ಒಬ್ಬರೇ ಹೋಗಿ, ಮೆಲ್ಲಗೆ ಹೇಳಿ. ಗುಂಪು ಕಟ್ಟಬೇಡಿ. ಪತ್ರಿಕೆಗೆ ಹೋಗಬೇಡಿ.

ತೆಗೆಯುತ್ತಾರಾ ಅಂತ ಕೇಳಿದ್ದೀರಿ. ನಿಮ್ಮ ಒಪ್ಪಂದದಲ್ಲಿ ಉಡುಪಿನ ಬಗ್ಗೆ ಏನು ಬರೆದಿದೆ ಅಂತ ಒಬ್ಬ ವಕೀಲರಿಗೆ ತೋರಿಸಿ, ಅದನ್ನು ನೋಡದೆ ನಾನು ಹೇಳಲಾರೆ. ಒಂದು ಪಂದ್ಯ ಹೊರಗೆ ಕೂರಿಸಿದರೆ ಅದನ್ನು ತಾಳಿಕೊಳ್ಳುವ ಮನಸ್ಸು ಇಟ್ಟುಕೊಳ್ಳಿ. ಮೈಕಲ್ ಜೋನ್ಸ್ ಒಂದು ವಿಶ್ವಕಪ್ಪನ್ನೇ ತಾಳಿಕೊಂಡರು. ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಜೇಲೀನ್ ಹಿಂಕಲ್ 2017ರಲ್ಲಿ ಇದೇ ಜೆರ್ಸಿ ಕಾರಣಕ್ಕೆ ರಾಷ್ಟ್ರೀಯ ತಂಡದ ಕರೆಯನ್ನು ಬಿಟ್ಟರು. 2019ರ ವಿಶ್ವಕಪ್ ತಂಡದಲ್ಲಿ ಅವರ ಹೆಸರು ಇರಲಿಲ್ಲ. ಆಯ್ಕೆಗೆ ಆಟವೊಂದೇ ಕಾರಣ ಅಂತ ಕೋಚ್ ಹೇಳಿದರು, ಕೆಲವರು ನಂಬಲಿಲ್ಲ. ಅನುಮಾನ ಎರಡೂ ಕಡೆಯಿಂದ ಬರುತ್ತದೆ. ಅದಕ್ಕೇ ಮೇಲಿನ ಕೋಚ್‌ಗೆ ಕಾರಣ ಬರೆದಿಡಿ ಅಂತ ಹೇಳಿದ್ದು. ನಂಬಿಕೆ ಇರುವವನನ್ನು ನಂಬಿಕೆಯ ಕಾರಣಕ್ಕೇ ಬಿಟ್ಟು 'ಫಾರ್ಮ್ ಇಲ್ಲ' ಅಂತ ಬರೆದರೆ ಅದೂ ನನ್ನ 'ತೂಕ ಜಾಸ್ತಿ' ತರಹದ ಸುಳ್ಳೇ.

ಒಂದು ಗೆರೆ ಮಾತ್ರ ದಾಟಬೇಡಿ. ಇಸ್ರೇಲ್ ಫೊಲಾವ್ ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಆಟಗಾರ. 2019ರ ಏಪ್ರಿಲ್‌ನಲ್ಲಿ ಸಲಿಂಗಿಗಳು, ಕುಡುಕರು, ನಾಸ್ತಿಕರು, ವಿಗ್ರಹ ಪೂಜೆ ಮಾಡುವವರು ಎಲ್ಲರಿಗೂ ನರಕ ಕಾದಿದೆ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದರು. ಹಿಂದಿನ ವರ್ಷವೂ ಇಂಥದ್ದೇ ಮಾತಿಗೆ ಮಂಡಳಿ ಕರೆದು ಮಾತಾಡಿತ್ತು. ಈ ಸಲ ಮೇ ತಿಂಗಳಲ್ಲಿ ಒಪ್ಪಂದ ರದ್ದು ಮಾಡಿತು. ಕೇಸು ನಡೆದು ಡಿಸೆಂಬರ್‌ನಲ್ಲಿ ರಾಜಿ ಆಯಿತು. ಆ ಶಿಕ್ಷೆ ಜಾಸ್ತಿಯಾಯಿತು ಅನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ ಅಂತ ನನಗೂ ಅನ್ನಿಸುತ್ತದೆ, ಊಟದ ಅನ್ನ ಕಿತ್ತುಕೊಳ್ಳುವುದು ಸಣ್ಣ ವಿಷಯ ಅಲ್ಲ. ಆದರೂ ಆ ಪಟ್ಟಿ ನೋಡಿ. ವಿಗ್ರಹಕ್ಕೆ ಕೈ ಮುಗಿಯುವ ನಮ್ಮ ಮನೆಯ ತಾಯಂದಿರೂ ಅದರಲ್ಲಿ ಇದ್ದಾರೆ. ಜೊತೆಗೆ ಆಡುವವನು ಲಕ್ಷಾಂತರ ಜನರ ಮುಂದೆ 'ನಿನಗೆ ನರಕ' ಅಂತ ಬರೆದರೆ, ಮರುದಿನ ಅವನಿಗೆ ಪಾಸ್ ಕೊಡುವುದು ಹೇಗೆ?

ಪ್ರಶ್ನೆ: ಇದೆಲ್ಲ ಪರದೇಶದ ಚಟ. ನಮ್ಮ ಕಡೆ ಎಲ್ಲಿತ್ತು? ಆಟದಲ್ಲಿ ಇಂಥದ್ದೆಲ್ಲ ಯಾಕೆ ತರುತ್ತೀರಿ?
– ನಿವೃತ್ತ ನೌಕರ, ಚಿಂಚೋಳಿ

ಉತ್ತರ: ಕಾಕಾ, ನೀವು ಹಿರಿಯರು, ಆದ್ದರಿಂದ ಹಳೆಯ ಕಾಲದಿಂದಲೇ ಶುರು ಮಾಡುತ್ತೇನೆ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅಂತ ಒಬ್ಬ ಎಡಗೈ ಸ್ಪಿನ್ನರ್ ಇದ್ದರು. ದಲಿತರು. ಪುಣೆಯಲ್ಲಿ ಹಿಂದೂ ತಂಡಕ್ಕೆ ಆಡುವಾಗ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಚಹಾ ಮಾತ್ರ ಪೆವಿಲಿಯನ್ ಹೊರಗೆ ಬೇರೆ ಮಣ್ಣಿನ ಕಪ್ಪಿನಲ್ಲಿ. ಅದನ್ನೂ ಧರ್ಮ ಅಂತಲೇ ಕರೆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಆ ಮನುಷ್ಯನಿಗೆ ಹಿಂದೂ ತಂಡದ ನಾಯಕತ್ವ ಕೊಡಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ನಂಬಿಕೆಯ ಹೆಸರಿನಲ್ಲಿ ಪಟ್ಟಿ ಬರೆಯುವ ರೂಢಿ ಪರದೇಶದಿಂದ ಬಂದದ್ದಲ್ಲ ಕಾಕಾ. ನಮ್ಮ ಮನೆಯದೇ.

ಇನ್ನು ಸಲಿಂಗಿಗಳು ಎಲ್ಲಿದ್ದರು ಅಂದರೆ, ಇದ್ದರು, ಹೇಳಿಕೊಳ್ಳುವ ಹಾಗೆ ಇರಲಿಲ್ಲ. ದ್ಯುತಿ ಚಂದ್ ಒಡಿಶಾದ ನೇಕಾರರ ಮನೆಯ ಮಗಳು, 2021ರಲ್ಲಿ 100 ಮೀಟರ್ ಓಟದಲ್ಲಿ ರಾಷ್ಟ್ರೀಯ ದಾಖಲೆ ಮಾಡಿದವರು, 11.17 ಸೆಕೆಂಡ್. ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತೇನೆ ಅಂತ 2019ರಲ್ಲಿ ಹೇಳಿದರು. ಮನೆಯಲ್ಲೇ ವಿರೋಧ ಬಂತು. ಅದಾದ ಮೇಲೂ ಅವರು ಓಡಿದರು. ಚಿಂಚೋಳಿಗಿಂತ ದೊಡ್ಡ ಊರಿನವರೇನಲ್ಲ ಅವರು.

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯವನು, 22 ವರ್ಷ. ಕಬಡ್ಡಿ ರೈಡರ್. ದುಡ್ಡು ಕೊಟ್ಟು ಆಡಿಸುವ ಟೂರ್ನಮೆಂಟುಗಳಿಗೆ ಸೋಲಾಪುರ, ವಿಜಯಪುರದವರೆಗೂ ಹೋಗುತ್ತೇನೆ. ನನಗೆ ಹುಡುಗಿಯರ ಮೇಲೆ ಮನಸ್ಸು ಬರುವುದಿಲ್ಲ, ಹೈಸ್ಕೂಲಿನಿಂದಲೂ ಗೊತ್ತು. ದೇವರನ್ನೂ ನಂಬುತ್ತೇನೆ, ಪ್ರತಿ ಸೋಮವಾರ ಗುಡಿಗೆ ಹೋಗುತ್ತೇನೆ. ಮನೆಯಲ್ಲಿ ಸೋದರಮಾವನ ಮಗಳ ಜೊತೆ ಮದುವೆ ಮಾತು ನಡೆದಿದೆ. ಡಾಕ್ಟರ್ ಹತ್ತಿರ ಹೋದರೆ ಇದು ಸರಿ ಹೋಗುತ್ತಾ? ಕೋಚ್‌ಗೆ ಹೇಳಲಾ? ಹೇಳಿದರೆ ಟೀಮಿನಲ್ಲಿ ಇಟ್ಟುಕೊಳ್ಳುತ್ತಾರಾ? ಇನ್ನೊಂದು, ಎಡ ಮೊಣಕಾಲು ಎರಡು ತಿಂಗಳಿಂದ ನೋಯುತ್ತಿದೆ.
– ಯಾದಗಿರಿ

ಉತ್ತರ: ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು.

ಸರಿ ಹೋಗಬೇಕಾದ ಕಾಯಿಲೆ ಏನೂ ನಿನಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಭಾರತದ ಮನೋವೈದ್ಯರ ಸಂಘವೂ ಇದು ಕಾಯಿಲೆ ಅಲ್ಲ ಅಂತ ಹೇಳಿದೆ. ಬದಲಾಯಿಸುತ್ತೇನೆ ಅಂತ ಔಷಧ, ಕರೆಂಟು ಕೊಡುವ ಡಾಕ್ಟರ್ ತಪ್ಪು ಮಾಡುತ್ತಿದ್ದಾನೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿದೆ. ಅಂಥವರಿಗೆ ದುಡ್ಡು ಸುರಿಯಬೇಡ. ಮನಸ್ಸು ಭಾರ ಆದಾಗ ಮಾತಾಡಲು ಯಾರಾದರೂ ಬೇಕು ಅಂದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ ಸೇವೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ.

ಸೋಮವಾರ ಗುಡಿಗೆ ಹೋಗುವುದನ್ನು ಬಿಡಬೇಡ. ದೇವರು ಒಂದು ಕಡೆ, ನೀನು ಒಂದು ಕಡೆ ಅಂತ ಯಾರೋ ಗೆರೆ ಎಳೆದರೆ ಅದನ್ನು ನೀನು ಒಪ್ಪಬೇಕಾಗಿಲ್ಲ.

ಮದುವೆಗೆ ಮಾತ್ರ ಹೂಂ ಅನ್ನಬೇಡ. ಆ ಹುಡುಗಿಯ ಜೀವನವೂ ಅದರಲ್ಲಿ ಇದೆ. ಕಾರಣ ಹೇಳಲು ಧೈರ್ಯ ಇಲ್ಲದಿದ್ದರೆ ಪರವಾಗಿಲ್ಲ, ಆಟ ಇದೆ, ನೌಕರಿ ಹುಡುಕಬೇಕು, ಈಗ ಬೇಡ ಅನ್ನು. ಸಮಯ ತೆಗೆದುಕೋ. ಹೇಳಿದರೆ ಮನೆಯಿಂದ ಹೊರಗೆ ಹಾಕಬಹುದು ಅನ್ನಿಸಿದರೆ, ನಿನ್ನ ದುಡಿಮೆ, ಉಳಿಯಲು ಒಂದು ಜಾಗ ಗಟ್ಟಿ ಆಗುವವರೆಗೂ ಹೇಳಬೇಡ.

ಕೋಚ್‌ಗೆ ಹೇಳಲೇಬೇಕು ಅಂತ ಯಾವ ನಿಯಮವೂ ಇಲ್ಲ. ರೈಡ್ ಹೋಗಲು ಇದು ಬೇಕಾಗುವ ಮಾಹಿತಿ ಅಲ್ಲ. ಹೇಳಿದರೆ ಹಗುರ ಆಗುತ್ತದೆ ಅನ್ನಿಸಿದರೆ ಒಬ್ಬರಿಗೆ, ತುಂಬಾ ದಿನದಿಂದ ನೋಡಿದ ಒಬ್ಬರಿಗೆ ಹೇಳು. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ ಮೊದಲು ಮನೆಯವರಿಗೆ, ಆಮೇಲೆ ತಂಡದವರಿಗೆ ಹೇಳಿ, 2011ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು. ಅದಾದ ಮೇಲೂ ವರ್ಷಗಟ್ಟಲೆ ಅಲ್ಲಿನ ಕೌಂಟಿ ಕ್ರಿಕೆಟ್ ಆಡಿದರು. ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ ಜೋಶ್ ಕವಾಲೊ 2021ರಲ್ಲಿ ಹೇಳಿದಾಗ ಅವರಿಗೆ 21 ವರ್ಷ, ನಿನಗಿಂತ ಒಂದು ವರ್ಷ ಚಿಕ್ಕವರು. ನಮ್ಮ ಆರ್‌ಸಿಬಿ ಮಹಿಳಾ ತಂಡಕ್ಕೆ ಆಡಿದ ಮೇಗನ್ ಶುಟ್, ಡ್ಯಾನಿ ವ್ಯಾಟ್ ಇಬ್ಬರೂ ಹುಡುಗಿಯರನ್ನೇ ಮದುವೆ ಆದವರು. ಹರಾಜಿನಲ್ಲಿ, ಆಯ್ಕೆಯಲ್ಲಿ ಅವರ ಬೌಲಿಂಗ್, ಬ್ಯಾಟಿಂಗ್ ನೋಡಿದರು. ವ್ಯಾಟ್ ಆಡಿದಾಗ ಚಿನ್ನಸ್ವಾಮಿಯಲ್ಲಿ ಕೂತ ಜನ ಆರ್‌ಸಿಬಿ ಅಂತ ಕೂಗಿದರು. ಸುಳ್ಳು ಧೈರ್ಯ ಹೇಳಲ್ಲ, ಗಂಡಸರ ಆಟದಲ್ಲಿ ಇದು ಇನ್ನೂ ಕಷ್ಟ. ಇಂಗ್ಲೆಂಡಿನಲ್ಲಿ ಜಸ್ಟಿನ್ ಫಶನು ಅನ್ನುವ ಫುಟ್‌ಬಾಲ್ ಆಟಗಾರ 1990ರಲ್ಲಿ ಹೇಳಿಕೊಂಡ ಮೇಲೆ, ಅಲ್ಲಿ ವೃತ್ತಿಪರವಾಗಿ ಆಡುತ್ತಿರುವಾಗಲೇ ಹೇಳಿಕೊಳ್ಳುವ ಇನ್ನೊಬ್ಬ ಹುಡುಗ ಬರಲು 2022 ಆಗಬೇಕಾಯಿತು. ಅವನ ಹೆಸರು ಜೇಕ್ ಡೇನಿಯಲ್ಸ್. ನಡುವೆ 32 ವರ್ಷ. ಅದಕ್ಕೇ ಅವಸರ ಬೇಡ ಅನ್ನುತ್ತಿದ್ದೇನೆ.

ಫೋನಿಗೆ ಲಾಕ್ ಹಾಕು. ಯಾರಾದರೂ ನಿನ್ನ ಫೋಟೋ, ಮೆಸೇಜು ಇಟ್ಟುಕೊಂಡು ದುಡ್ಡು ಕೇಳಿದರೆ ಕೊಡಬೇಡ. ಅದು ಸುಲಿಗೆ, ಅಪರಾಧ ಅವರದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರ ಹತ್ತಿರ ಹೋಗು. ಒಬ್ಬನೇ ಹೋಗಲು ಹೆದರಿಕೆ ಆದರೆ ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗು.

ಈಗ ಮೊಣಕಾಲು. ಎರಡು ತಿಂಗಳು ನೋವು ಇಟ್ಟುಕೊಂಡು ಆಡಿದ್ದು ತಪ್ಪು. ನೋವು ಎಲ್ಲಿ ಅಂತ ನೀನು ಬರೆದಿಲ್ಲ. ಚಿಪ್ಪಿನ ಕೆಳಗೆ, ಹಾರಿದಾಗ ಮತ್ತು ಮೆಟ್ಟಿಲು ಇಳಿಯುವಾಗ ಜಾಸ್ತಿ ಆದರೆ ಅದು ಸ್ನಾಯುವಿನ ದಾರಕ್ಕೆ ಬಿದ್ದ ಹೊರೆ ಇರಬಹುದು, ರೈಡರ್‌ಗಳಿಗೆ ಬರುವಂಥದ್ದೇ. ಕಾಲು ಮಧ್ಯದಲ್ಲಿ ಸಿಕ್ಕಿ ಹಾಕಿಕೊಂಡ ಹಾಗೆ ಆಗುತ್ತಾ, ತಿರುಗಿದಾಗ ಜಾರಿದ ಹಾಗೆ ಆಗುತ್ತಾ, ಬಾವು ಇಳಿಯುತ್ತಲೇ ಇಲ್ಲವಾ, ಇದರಲ್ಲಿ ಒಂದಕ್ಕೆ ಹೌದು ಅಂದರೂ ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸು, ಎಣ್ಣೆ ತಿಕ್ಕಿಸಿಕೊಂಡು ಕೂರಬೇಡ. ಮೂರಕ್ಕೂ ಇಲ್ಲ ಅಂದರೆ ಎರಡು ವಾರ ಜಿಗಿತ, ರೈಡ್ ನಿಲ್ಲಿಸು. ಗೋಡೆಗೆ ಬೆನ್ನು ಒರಗಿಸಿ ಅರ್ಧ ಕುರ್ಚಿ ಹಾಗೆ ಕೂತು ಮೂವತ್ತು ಎಣಿಸು, ದಿನಕ್ಕೆ ಐದು ಸಲ, ನೋವು ಏರಿದರೆ ಸ್ವಲ್ಪ ಮೇಲೆ ಕೂರು. ನೋವು ಜಾಸ್ತಿ ಇದ್ದ ದಿನ ಬಟ್ಟೆಯಲ್ಲಿ ಐಸ್ ಸುತ್ತಿ ಹದಿನೈದು ನಿಮಿಷ ಇಡು. ಎರಡು ವಾರ ಆದ ಮೇಲೆ ಹೇಗಿದೆ ಅಂತ ಬರೆ. ಬರೆಯುವಾಗ ಬಲಗಡೆಯಿಂದ ರೈಡ್ ಹೋಗುತ್ತೀಯೋ ಎಡಗಡೆಯಿಂದಲೋ, ಅದನ್ನೂ ತಿಳಿಸು.